ಕೈಗೆ ಎಷ್ಟು ಬೆಳಕು

ಈ ಊರಿನಲ್ಲಿ ಬಿಸಿಲು ಪುಕ್ಕಟೆ,
ತಡೆಯುವುದಕ್ಕೆ ದುಡ್ಡು.
ಗುದೈಬಿಯಾದ ನಮ್ಮ ಒಂದೇ ಕಿಟಕಿಗೆ
ಅಡುಗೆಯ ಬೆಳ್ಳಿಹಾಳೆ ಅಂಟಿಸಿ ಆರು ವರ್ಷ.
ಮಧ್ಯಾಹ್ನ ಎರಡಕ್ಕೂ ಟ್ಯೂಬ್‌ಲೈಟ್ ಹಾಕಿಯೇ
ಅಕ್ಕಿ ಆರಿಸುತ್ತಾಳೆ ಸೆವ್ರಿನ್.

ಈಗ ಅದೇ ಕೋಣೆಗೆ ಬೆಳಕು ಕೊಂಡು ತಂದಿದ್ದೇನೆ,
ಈಸಾ ಟೌನಿನ ಹಳೆಸಾಮಾನಿನ ಸಂತೆಯಿಂದ.
ಏಳು ದಿನಾರಿಗೆ ಎರಡು ದೀಪ,
ಒಂದಕ್ಕೆ ಕಾಲು ಕುಂಟು.

ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ
ಟೀಚರಾಗಿದ್ದವಳು ಅವಳು, ಕುಂದಾಪುರದ ಕಡೆ.
ನನ್ನ ವೀಸಾ ಕರೆತಂದು ಇಲ್ಲಿ ಕೂರಿಸಿತು.
"ಆ ಮಕ್ಕಳಿಗೆ ಕತೆ ಕಳಿಸಬೇಕು" ಅಂದಳು ಒಂದು ರಾತ್ರಿ,
"ಮೈಕು ಬೇಡ. ಬೆಳಕು ಬೇಕು."

ನಾನು ಬೆಳಕಿನ ಕೆಲಸದವನೇ.
ಹನ್ನೊಂದು ವರ್ಷದಿಂದ ಮನಾಮದ ಚಿನ್ನದಂಗಡಿಗಳಲ್ಲಿ
ಗಾಜಿನ ಪೆಟ್ಟಿಗೆಗೆ ದೀಪ ಕೂರಿಸುತ್ತೇನೆ.
ಚಿನ್ನಕ್ಕೆ ಮೂರು ಸಾವಿರದ ಹಳದಿ,
ವಜ್ರಕ್ಕೆ ಆರು ಸಾವಿರದ ಬಿಳಿ,
ಮುತ್ತಿಗೆ ನಡುವೆ ಎಲ್ಲೋ.
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು.
ಸೆವ್ರಿನ್ನಳ ಕಪ್ಪು ಕೈಗೆ ಎಷ್ಟು?
ಯಾವ ಕಂಪನಿಯ ಪಟ್ಟಿಯಲ್ಲೂ ಬರೆದಿಲ್ಲ.

ಮೊದಲ ರಾತ್ರಿ ಎಲ್ಲವೂ ತಪ್ಪಿತು.
ಎದುರಿಗೆ ದೀಪ ಇಟ್ಟರೆ ಗೋಡೆಯ ಮೇಲೆ
ಅವಳ ಹಿಂದೆ ಎದ್ದಳು ಒಬ್ಬ ದೊಡ್ಡ ನೆರಳಿನ ಹೆಂಗಸು,
ಮಾತಿನ ಮೇಲೆ ಮಾತಾಡಿದಳು.
ಕಾಗೆ ಅಂದರೆ ಎರಡು ಕಾಗೆ.
ಬಳೆ ಫಳ್ಳೆಂದಿತು.
ಅಂಗಡಿಯಲ್ಲಾದರೆ ಅದಕ್ಕೇ ನನಗೆ ಸಂಬಳ,
ಇಲ್ಲಿ ಅದು ನಡುವೆ ಬಾಯಿ ಹಾಕುವ ನೆಂಟ.
ಬಿಚ್ಚಿ ಅಕ್ಕಿಡಬ್ಬಿಗೆ ಹಾಕಿದಳು.
ಕನ್ನಡಕದಲ್ಲಿ ಎರಡು ಬಿಳಿ ಚೌಕ, ಕಣ್ಣೇ ಇಲ್ಲ.
"ಹುಬ್ಬು ಏರಿದರೆ ತಾನೇ ಅದು ಪ್ರಶ್ನೆ?
ಕಣ್ಣು ಕಾಣದಿದ್ದರೆ ಮಕ್ಕಳು ಏನಂತ ತಿಳಿಯಬೇಕು?"
ಎಂದು ನನಗೆ ಬೈದಳು, ಬಾಯಲ್ಲೂ, ಕೈಯಲ್ಲೂ.

ಎರಡನೆಯ ರಾತ್ರಿ ದೀಪವನ್ನು ಕಪಾಟಿನ ನೆತ್ತಿಗೆ,
ಊರಿಗೆ ಹೋಗುವ ಸೂಟ್‌ಕೇಸಿನ ಬೆನ್ನಿಗೆ ಏರಿಸಿದೆ.
ಕುಂಟನಿಗೆ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಆಸರೆ,
ಮುಖಕ್ಕೆ ಕೇಕಿನ ಕಾಗದದ ಮುಸುಕು.
ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಾ, ಅಂದೆ.
ಎರಡನೆಯ ಹೆಜ್ಜೆಗೇ ಮಂಚ.
ಮಂಚ ಎತ್ತಿ ಬಾಗಿಲಿಗೆ ಒರಗಿಸಿದೆವು.
ಟೀವಿ ಬಂದಿದ್ದ ಪೆಟ್ಟಿಗೆಯ ಥರ್ಮೋಕೋಲು ಹಿಡಿದು
ಇಗರ್ಜಿಯಲ್ಲಿ ಕೂತ ಹಾಗೆ ಮಂಡಿಯೂರಿ
ಅವಳ ಗಲ್ಲದಡಿಯ ನೆರಳನ್ನು ಮೇಲೆತ್ತುತ್ತಿದ್ದೆ.

ಏಸಿ ಗೊರಗೊರ ಅನ್ನುತ್ತಲೇ ಇತ್ತು,
ಪಕ್ಕದ ಮನೆಯಲ್ಲಿ ಮಿಕ್ಸಿ, ಕೆಳಗೆ ಹಾರನ್ನು.
ಇರಲಿ. ಯಾರಿಗೂ
ಶ್ ಅನ್ನಬೇಕಿಲ್ಲದ ಸ್ಟುಡಿಯೋ ನಮ್ಮದು.

ಸ್ವಲ್ಪ ಮಂಕು ಮಾಡಿದೆ. ಇನ್ನೂ ಸ್ವಲ್ಪ.
ಬೆರಳ ಗೆಣ್ಣುಗಳು ಒಂದೊಂದಾಗಿ ಬೇರೆಯಾದವು,
ಅಂಗೈಯ ತಿಳಿಗೆಂಪು, ಹಿಂಗೈಯ ಕಪ್ಪು,
ಮಣಿಕಟ್ಟಿನ ಹತ್ತಿರ ಎಣ್ಣೆ ಸಿಡಿದ ಕಲೆ.
ಈ ಕೈ ಬಡಿಸಿದ್ದನ್ನು ಎಷ್ಟು ವರ್ಷ ಉಂಡಿದ್ದೇನೆ!
ಆ ಕಲೆ ಯಾವಾಗಿನದು, ಕೇಳಿದೆ.
ಕಾಗೆ ಹಾರುತ್ತಿತ್ತು,
ಉತ್ತರ ಬರಲಿಲ್ಲ.

ಬೆಳಿಗ್ಗೆ ಲಿಫ್ಟಿನ ಬಳಿ ವಾಚ್‌ಮನ್ ಮೊಫಿಜ್
ದನಿ ತಗ್ಗಿಸಿ ಕೇಳಿದ, "ಮನೆಯಲ್ಲಿ ಜಗಳವಾ, ಭಾಯಿ?
ಬೆಳ್ಳಿಹಾಳೆ ಹರಿದ ಕಡೆ ಕೈ ಕಾಣುತ್ತಿತ್ತು,
ಮೇಲೆ, ಕೆಳಗೆ, ಎರಡು ಗಂಟೆ ಹೊತ್ತು."
ಇಲ್ಲಪ್ಪ, ಒಂದು ಕಾಗೆ ಮಗುವಿನ ಚಪ್ಪಲಿ ಕದ್ದಿತ್ತು, ಅಂದೆ.
ಹೂಂ ಎಂದ, ನಂಬದವನ ಹಾಗೆ.

ಸಂಜೆ ನಾನು ಬರುವಾಗ
ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತ:
"ಚಪ್ಪಲಿ ಸಿಕ್ಕಿತಾ?"