ಕರಡು ತಿದ್ದುವವನು ಮನೆಗೆ ಹೊರಟದ್ದು

ಯಂತ್ರ ನಿಂತಾಗ ನಾಲ್ಕೂವರೆ.
ಇನ್ನೂ ಬೆಳಗಾಗದ ದಿನವೊಂದನ್ನು
ನಾಲ್ಕು ಸಲ ಓದಿ, ಮಸಿಗೈ ಒರೆಸಿ
ಹಿತ್ತಲ ಮೆಟ್ಟಿಲಿಳಿದೆ.
ಯುದ್ಧ ಸೋತು ಬುಡಾಪೆಸ್ಟಿಗೆ ಇದು ಮೂರನೇ ನವೆಂಬರು.
ನನ್ನ ಉಸಿರು ನನಗಿಂತ ಎರಡು ಹೆಜ್ಜೆ ಮುಂದೆ.

ದೃಷ್ಟಿ ಮಂದವೆಂದು ಸೇನೆ ವಾಪಸು ಕಳಿಸಿದ ಕಣ್ಣು;
ಅದೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹದಿನಾರು ವರ್ಷ
ಊರವರ ತಪ್ಪು ಹೆಕ್ಕಿದವನಿಗೆ
ಬೀದಿಯೂ ಒಂದು ಕರಡು.
ಹಳದಿ ಟ್ರಾಮು ಉದ್ದಕ್ಕೆ ಅಡಿಗೆರೆ ಎಳೆದು ಹೋಗುತ್ತದೆ.
ದೀಪಗಳ ಸಾಲಿನ ನಡುವೆ ಒಂದು ಆರಿದೆ:
ಅಕ್ಷರ ಬಿಟ್ಟುಹೋಗಿದೆ, ಅಂಚಿನಲ್ಲಿ ಗುರುತು ಹಾಕಿಕೊಂಡೆ.

ವರ್ತುಲ ಬೀದಿಯ ತಿರುವು. ಹೆಸರಿನ ಹಲಗೆಗೆ ತುಕ್ಕು.
ನಮ್ಮ ಭಾಷೆಯೇ ಹಾಗೆ, ಎಲ್ಲವೂ ತಲೆಯ ಮೇಲಿನದು.
ಎರಡು ಚುಕ್ಕಿಯಿದ್ದರೆ ಅದು ವೃತ್ತ.
ಚುಕ್ಕಿ ಉದುರಿದರೆ ಕಾಲ.
ಓರೆಗೀಟೊಂದು ಬಿದ್ದರೆ ರೋಗ.
ಈ ಹಲಗೆಯಲ್ಲಿ ಉಳಿದಿರುವುದು ಒಂದೇ ಚುಕ್ಕಿ,
ಅದೂ ಸ್ವಲ್ಪ ಓರೆ.

ಕಾಫಿಮನೆಯ ಗಾಜಿನಾಚೆ ಮಾಣಿ ಓಡೋನ್
ಕುರ್ಚಿಗಳನ್ನು ಮೇಜಿನ ಮೇಲೆ ಕವುಚುತ್ತಿದ್ದಾನೆ, ಒಂದನ್ನು ಬಿಟ್ಟು.
ಆ ಒಂದರಲ್ಲಿ ಸಿಲಾರ್ಡ್ ಮಾಮ, ಜಿಲ್ಲಾ ಗುಮಾಸ್ತರು;
ಜಿಲ್ಲೆ ಈಗ ಗಡಿಯಾಚೆ,
ಕಚೇರಿಯ ಬೀಗದ ಕೈ ಇವರ ಕಿಸೆಯಲ್ಲಿ.
ನಿನ್ನೆ ಸಂಜೆಯ ಅದೇ ಕಾಫಿ,
ಗಂಟೆಗೊಮ್ಮೆ ಬದಲಾಗುವ ನೀರಿನ ಲೋಟ.
ನೀರಿಗೆ ಇನ್ನೂ ಬೆಲೆ ಬಂದಿಲ್ಲ.
ಉಳಿದುದಕ್ಕೆಲ್ಲ ಬರೆದು, ಒರೆಸಿ, ಮತ್ತೆ ಬರೆದು
ಕರಿಹಲಗೆ ಬೆಳ್ಳಗಾಗಿದೆ.

ಎದುರಿಗೆ ಕೈಗವಸಿನ ಅಂಗಡಿ, ಬೀಗ ಹಾಕಿದೆ.
ಗಾಜಿನೊಳಗೊಂದು ತಟ್ಟೆ, ಒಂದು ಚೀಟಿ:
‘ಬಿಡಿ ಕೈಗವಸು. ಎಡ, ಬಲ. ಅರ್ಧ ಬೆಲೆ.’
ಅಭ್ಯಾಸಬಲ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಓದಿದೆ.
ಕಾಗುಣಿತ ಸರಿ. ವಿರಾಮಚಿಹ್ನೆ ಸರಿ.
ಎಡ ಎಷ್ಟು, ಬಲ ಎಷ್ಟು ಎಂದು ಎಣಿಸತೊಡಗಿ
ನಡುವೆ ಬಿಟ್ಟೆ.
ಎರಡೂ ಕೈ ಕಿಸೆಯೊಳಗಿಟ್ಟು ನಡೆದೆ,
ಕದ್ದವನ ಹಾಗೆ.

ಬೇಕರಿಯ ನೆಲಮಾಳಿಗೆ ಉಗುಳುವ ಹಬೆಯಲ್ಲಿ
ಪೊಲೀಸಿನವನೊಬ್ಬ ಬೂಟು ಕಾಯಿಸುತ್ತಿದ್ದ.
ಪಕ್ಕದಲ್ಲಿ, ಅವನೇ ಸರಿದು ಕೊಟ್ಟ ಜಾಗದಲ್ಲಿ,
ರಾತ್ರಿಪಾಳಿ ಮುಗಿದವಳು, ರೆಪ್ಪೆಯ ಕಪ್ಪು ಕೆನ್ನೆಗಿಳಿದವಳು.
‘ಏನು ಸುದ್ದಿ, ಮಾಸ್ತರೆ?’
‘ಬ್ರೆಡ್ಡು ಮತ್ತೆ ಏರಿದೆ.’
‘ಅದೂ ಒಂದು ಸುದ್ದಿಯೆ!’
ಅವಳು ನಕ್ಕಳು. ಪೊಲೀಸಿನವನೂ ನಕ್ಕ, ಆಮೇಲೆ
ಸುತ್ತ ನೋಡಿ ಟೊಪ್ಪಿ ಸರಿಮಾಡಿಕೊಂಡ.

ಪೂರ್ವ ನಿಲ್ದಾಣದ ಹಿಂದೆ, ಹುಲ್ಲು ಹತ್ತಿದ ಹಳಿಯ ಮೇಲೆ
ಎಲ್ಲಿಗೂ ಹೊರಡದ ರೈಲು.
ಅದರಲ್ಲಿ ಬಂದವರು ಅದರಲ್ಲೇ ಉಳಿದರು.
ಸರಕಿನ ಡಬ್ಬಿಯ ಮೇಲೆ ಸೇನೆಯ ಅಚ್ಚಕ್ಷರ:
‘ನಲವತ್ತು ಜನ ಅಥವಾ ಆರು ಕುದುರೆ.’
ಕೆಳಗೆ ಸೀಮೆಸುಣ್ಣದಲ್ಲಿ, ಯಾವುದೋ ಮಗು:
‘ಕೆಲೆಮೆನ್ ಮನೆ. ಐದು ಜನ ಮತ್ತು ಒಂದು ಹುಂಜ.’
ಮನೆ ಎಂಬುದರ ತಲೆಗೀಟು ಬಿಟ್ಟುಹೋಗಿತ್ತು.
ಪೆನ್ಸಿಲು ತೆಗೆದೆ.

ಬಾಗಿಲು ಒಂದು ಗೇಣು ಸರಿಯಿತು.
ಶಾಲು ಹೊದ್ದ ಎಟೆಲ್ಕಾ ನನ್ನನ್ನು ನೋಡಲಿಲ್ಲ,
ನೋಡಿದ್ದು ಕಂಕುಳಲ್ಲಿದ್ದ ಪತ್ರಿಕೆಯನ್ನು.
‘ಓದಿ ಆಯಿತೆ?’
‘ನಾಲ್ಕು ಸಲ’ ಎಂದು ಕೊಟ್ಟೆ.
ಮೊದಲ ಪುಟ, ಒಂದೂ ತಪ್ಪಿಲ್ಲದ್ದು,
ಉದ್ದಕ್ಕೆ ಮಡಿಸಿ, ಹಲಗೆಯ ಸಂದಿಗೆ
ತಲೆಕೆಳಗಾಗಿ ತುರುಕಿದಳು.
ಒಳಗಿನ ಕೆಮ್ಮು ನಿಲ್ಲಲಿಲ್ಲ,
ಆದರೆ ದೀಪದ ಕುಡಿ ನೆಟ್ಟಗಾಯಿತು.

ಪೆನ್ಸಿಲು ಕಿವಿಗೆ ಸಿಕ್ಕಿಸಿ ಹೊರಟೆ.
ಬೆಳಕು ಇನ್ನೂ ಹರಿದಿರಲಿಲ್ಲ.
ಬೆನ್ನ ಹಿಂದೆ, ಡಬ್ಬಿಯೊಳಗಿಂದ, ಹುಂಜ ಕೂಗಿತು,
ಮೂಡಣದ ತನ್ನೂರಲ್ಲಿ
ಆಗಲೇ ಬೆಳಗಾದ ಹಾಗೆ.