ಎರಡು ಸೆಕೆಂಡು

ಕೌಲ್ ಬಜಾರಿನಲ್ಲಿ ಕರೆಂಟು ಹೋದಾಗ
ಜೀನ್ಸಿನ ಮಷೀನುಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚುತ್ತವೆ.
ಆಗ ನನ್ನ ತರಗತಿ ಶುರು.

ಮೇಷ್ಟ್ರು ಯಾವ ದೇಶದವರೋ.
ನಲವತ್ತು ಸಾವಿರ ಮಂದಿ ಓದುತ್ತೇವಂತೆ;
ಫೀಜಿಲ್ಲ, ಹಾಜರಿ ಕೂಗುವುದಿಲ್ಲ,
ತಡವಾದರೆ ಬಾಗಿಲ ಹೊರಗೆ ನಿಲ್ಲಿಸುವವರೂ ಇಲ್ಲ.

ಇಂಗ್ಲಿಷಿನ ಅಡಿಗೆ ಕನ್ನಡ ತಾನೇ ಮೂಡುತ್ತದೆ,
ಸರಾಸರಿ ಇರಬೇಕಾದಲ್ಲೆಲ್ಲ ‘ನೀಚ’ ಅಂತ.
‘ಈ ಊರಿನ ಕೂಲಿಯ ನೀಚ ಎಷ್ಟು?’
ಮಾಬುನ್ನಿ ಬಿದ್ದು ಬಿದ್ದು ನಕ್ಕಳು:
‘ಎಷ್ಟು ಅಂತಲ್ಲ ಸರ, ಯಾರು ಅಂತ ಕೇಳ್ರಿ!’

ಮೂರನೇ ವಾರಕ್ಕೆ ಅವಳು ಬಿಟ್ಟಳು.
ಮಗುವಿಗೆ ಜ್ವರ, ಆಮೇಲೆ ಡಾಟಾ ಮುಗಿದಿತ್ತು,
ಆಮೇಲೆ ಸುಮ್ಮನೆ.
ನಲವತ್ತು ಸಾವಿರ ಕಾಜಾದಲ್ಲಿ ಒಂದು ತಪ್ಪಿದರೆ
ಮೇಷ್ಟ್ರಿಗೆ ಹೇಗೆ ತಿಳಿಯಬೇಕು?

ನಾನು ಒಂದು ತಿಂಗಳು
ಕೆಟ್ಟ ಕಾಜಾಗಳನ್ನು ಎಣಿಸಿ ಬರೆದಿಟ್ಟೆ.
ನೂರಕ್ಕೆ ನಾಲ್ಕು.
ಕೂಲಿಯಲ್ಲಿ ಮುರಿಯುತ್ತಿದ್ದದ್ದು ಹತ್ತಕ್ಕೆ.
ಹಾಳೆ ಇನ್ನೂ ಬ್ಲೌಸಿನೊಳಗಿದೆ.

ಸರ್ಟಿಫಿಕೇಟಿಗೆ ಮಾತ್ರ ದುಡ್ಡು. ಇರಲಿ.

ಪಾಠದ ಕೊನೆಗೆ ಮೇಷ್ಟ್ರು
‘ಏನಾದರೂ ಪ್ರಶ್ನೆ?’ ಎಂದು
ಎರಡು ಸೆಕೆಂಡು ಸುಮ್ಮನಾಗುತ್ತಾರೆ.
ಎಂದೋ ತೆಗೆದ ವಿಡಿಯೊ, ಗೊತ್ತು.
ಆದರೂ ಕತ್ತಲಲ್ಲಿ ಕೈ ಎತ್ತುತ್ತೇನೆ,
ಉಗುರಿನ ಸಂದಿಯಲ್ಲಿ ನೀಲಿ ಇರುವ ಕೈ.