ನಾಲ್ಕು ಜನರ ಉಪ್ಪು

ಉಪ್ಪು ಮರೆತದ್ದು ನಾನು.
ಕುರಿಯಾತ್ ದಾಟಿದ ಮೇಲೆ ನೆನಪಾಯಿತು, ಹೇಳಲಿಲ್ಲ.
ಹಿಂದಿನ ಸೀಟಿನಲ್ಲಿ ಹಸನಬ್ಬನಿಗೆ ನಿದ್ದೆ,
ತೊಡೆಯ ಮೇಲೆ ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಒದ್ದೆ ಬಟ್ಟೆ,
ಬಟ್ಟೆಯೊಳಗೆ ಬುಧವಾರದಿಂದ
ಸದ್ದಿಲ್ಲದೆ ಬಾಲ ಬಿಡುತ್ತಿರುವ ಹೆಸರುಕಾಳು.

ಎಂಟುನೂರು ಜನರ ಮೆಸ್ಸಿಗೆ ಭಂಡಾರಿ ಅವನು.
ಘಾಲಾದ ಕ್ಯಾಂಪಿನಲ್ಲಿ ನಸುಕಿನ ಮೂರಕ್ಕೆದ್ದು
ಸಲಿಕೆಯಂಥ ಸೌಟಿನಲ್ಲಿ ಅನ್ನ ಮಗುಚುವವನು.
ಹೋದ ತಿಂಗಳು ನರ್ಸಮ್ಮ ಬೆರಳು ಚುಚ್ಚಿ
ಇನ್ನೂರ ಎಂಬತ್ತು ಎಂದಾಗ
"ಅದು ಅಕ್ಕಿಮೂಟೆಯ ಲೆಕ್ಕ, ನನ್ನದಲ್ಲ" ಅಂದನಂತೆ.

ಅದಕ್ಕೇ ಈ ಸವಾರಿ. ಇನಾಸನ ಹಠ:
ಎರಡು ಹಗಲು, ಒಂದು ರಾತ್ರಿ,
ಅನ್ನವಿಲ್ಲ, ಪರೋಟವಿಲ್ಲ, ಕರಕ್ ಚಹಾ ಕೇಳಲೇಬಾರದು.
ಒಂದು ಪಾತ್ರೆ, ಒಂದು ಚಾಕು, ಸುಡುವುದಕ್ಕೊಂದು ಕಂಬಿಜಾಲರಿ.
ಅಡುಗೆ ನಮ್ಮದು.
ಹಸನಬ್ಬ ಬರೀ ಕೂರಬೇಕು.

ಫಿನ್ಸ್‌ನ ಕಡಲತೀರದಲ್ಲಿ ಮರಳಿಗಿಂತ ಬಿಳಿಕಲ್ಲೇ ಹೆಚ್ಚು.
ಗೂಟ ನಿಲ್ಲಲಿಲ್ಲ; ನೀರಿನ ಕ್ಯಾನುಗಳಿಗೆ ಹಗ್ಗ ಬಿಗಿದೆವು.
ಕಟ್ಟಿಹಾಕಿದ ಮೇಕೆಯ ಹಾಗೆ
ಸಂಜೆಯವರೆಗೂ ಒದೆಯುತ್ತಿತ್ತು ಗುಡಾರ.
ದೋಣಿ ಎಳೆಯುತ್ತಿದ್ದ ಮುದುಕ ಖಲ್ಫಾನ್‌ಗೆ ಕೈಜೋಡಿಸಿದೆವು.
ಆರು ಬಂಗುಡೆ ಕೊಟ್ಟ.
ದುಡ್ಡು ತೆಗೆದರೆ ಬೆನ್ನು ತಿರುಗಿಸಿ ಹೋದ.

ದೂಮಪ್ಪ ಕೆಂಡದ ಹೊಟ್ಟೆಯಲ್ಲಿ ಗೆಣಸು ಹೂತ.
ಇನಾಸ್ ಮೀನು ಸೀಳಿ, ಅರಸಿನ ಸವರಿ,
ಕರಿಮೆಣಸು ಕುಟ್ಟಿ, ಒಣನಿಂಬೆ ಕಲ್ಲಲ್ಲಿ ಜಜ್ಜಿ,
ಬಾಳೆಲೆಯಲ್ಲಿ ಸುತ್ತಿ ಜಾಲರಿಗಿಟ್ಟ.
ನಾನು ಕೋಸಂಬರಿ: ಮೊಳಕೆ, ಸೌತೆ, ದಾಳಿಂಬೆ,
ಗಾಳಿ ಸೇರಿಸಿದ ಚೂರು ಮರಳು.

"ಉಪ್ಪೆಲ್ಲಿ?" ಅಂದ ದೂಮಪ್ಪ.
ನಾನು ಸಮುದ್ರ ನೋಡಿದೆ.
ಬೈಗುಳ ಶುರುವಾಗಿತ್ತು, ನನ್ನ ವಂಶವೃಕ್ಷ ಹತ್ತಿಳಿಯಿತು.

ಹಸನಬ್ಬ ಮಾತ್ರ ನಕ್ಕ.
"ಎಂಟುನೂರು ಜನರ ಉಪ್ಪು ಈ ಅಂಗೈಗೆ ಗೊತ್ತು, ಮಾರಾಯ.
ನಾಲ್ಕು ಜನರದ್ದು ಎಷ್ಟೆಂದು ಮರೆತು
ಹದಿನೇಳು ವರ್ಷ.
ನೀನು ತಂದಿದ್ದರೆ ಹಿಡಿ ಸುರಿದು ಕೆಡಿಸುತ್ತಿದ್ದೆ."
ಎದ್ದ. ಲುಂಗಿ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದ.
ಒಂದು ಸೌತೆಹೋಳು ಅಲೆಗೆ ಅದ್ದಿ, ಕಚ್ಚಿ,
ಕಣ್ಣುಮುಚ್ಚಿ, ನಾಲಗೆಯಲ್ಲೇ ಏನೋ ಕೂಡಿ ಕಳೆದು,
"ಸರಿಯಿದೆ" ಅಂದ.
ಮತ್ತೆ ನಾವೂ ಇಳಿದೆವು, ಒಂದೊಂದು ಹೋಳು ಹಿಡಿದು,
ಮೊರಾಕ್ಕೆ ಬಂದ ಮಕ್ಕಳ ಹಾಗೆ ಸಾಲಾಗಿ ನಿಂತು.

ಬಾಳೆಲೆ ಬಿಡಿಸಿದಾಗ ಹೊಗೆ ಹುಳಿಯಾಗಿತ್ತು.
ಗೆಣಸಿನ ಸಿಪ್ಪೆ ಇದ್ದಿಲು, ಒಳಗೆ ಬೆಲ್ಲ;
ಅವನಿಗೆ ಅರ್ಧವೇ, ಇನಾಸ್ ಚಾಕುವಿನಲ್ಲಿ ಗೆರೆ ಹಾಕಿ ಕೊಟ್ಟ.
ತಟ್ಟೆ ಹಿಡಿದು ಉಣ್ಣುವಾಗ
ಹಸನಬ್ಬ ಆಗಾಗ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದ,
ಕ್ಯೂ ನಿಂತಿದ್ದಾರೇನೋ ಎಂಬಂತೆ.
ಹಿಂದೆ ಬರೀ ಬೆಟ್ಟ, ಬೆಟ್ಟಕ್ಕೆ ಹಸಿವಿರಲಿಲ್ಲ.

ಮೂರಕ್ಕೆ ಎದ್ದೇ ಎದ್ದ. ಅಭ್ಯಾಸ.
ಗುಡಾರದ ಜಿಪ್ಪಿನ ಸದ್ದಿಗೆ ನನಗೂ ಎಚ್ಚರ.
ಬೂದಿ ಕೆದಕುವುದು, ಕೂರುವುದು, ಮತ್ತೆ ಏಳುವುದು:
ಮಾಡಲು ಕೆಲಸವಿಲ್ಲದ ಕೈಗಳನ್ನು
ಆ ಕತ್ತಲಲ್ಲಿ ಎಲ್ಲಿಡಬೇಕೆಂದು ತಿಳಿಯದೆ
ಕಡೆಗೆ ಕಂಕುಳಲ್ಲಿಟ್ಟುಕೊಂಡ.

ಬೆಳಿಗ್ಗೆ ನಮ್ಮ ನಿಯಮ ಮುರಿದು ಅವನೇ ಕಲಸಿದ:
ಲಬನ್‌ನಲ್ಲಿ ನೆನೆದ ಕೆಂಪವಲಕ್ಕಿ, ಕ್ಯಾರೆಟ್ ತುರಿ,
ಹಸಿಮೆಣಸು, ಶುಂಠಿ.
ಅವಲಕ್ಕಿ ಹಿಡಿಯುವಾಗ ಮುಷ್ಟಿ ತಡೆಯಿತು,
ಸ್ವಲ್ಪ ಚೆಲ್ಲಿತು, ಮತ್ತೆ ಮುಚ್ಚಿಕೊಂಡಿತು.
ನಾಲ್ಕು ತಟ್ಟೆ. ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ.
ಸಾಲದು ಅಂತ ಯಾರೂ ಅನ್ನಲಿಲ್ಲ.
ಖಾಲಿ ಪಾತ್ರೆಯೊಳಗೆ ಬಹಳ ಹೊತ್ತು ಇಣುಕಿದ.

ಮಂಗಳವಾರ ಮತ್ತೆ ಬೆರಳು ಚುಚ್ಚಿದರು.
ಎಷ್ಟೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.
ಫೋನಿನಲ್ಲಿ ಹಿಂದೆ ಕಡಾಯಿಗಳ ಗದ್ದಲ;
ಅವನು ಕೇಳಿದ್ದು ಒಂದೇ:
ಆ ಸ್ಟೀಲಿನ ಡಬ್ಬಿ
ನಾನೇ ಇಟ್ಟುಕೊಳ್ಳಲಾ?